ಆಡು ಹೋದ ಲೈನು

ರಾತ್ರಿಪಾಳಿ ಬಿಟ್ಟು ಹೊರಗ ಬಂದರೂ ಕಿವಿಯೊಳಗ
ನಾನೂರು ಕದಿರು ತಿರಗತಿರತಾವ.
ಗಿರಣಿ ಗೇಟಿನ ಮುಂದ ದಸ್ತಗೀರ ನಿಂತಾನ,
ಗಾಲಿಗೆ ಹೆಬ್ಬೆರಳು ಒತ್ತಿ ನೋಡಿ
"ಗಾಳಿ ಒಂಚೂರು ಬಿಟ್ಟೇನಿ ಅಕ್ಕಾ,
ಇವತ್ತ ಕಲ್ಲು ಹಸಿ ಅದಾವ" ಅಂತಾನ.

ನನ್ನ ಸೈಕಲ್ಲು ಯಾವ ಕಂಪನಿದು ಅಂತ ಕೇಳಬ್ಯಾಡ್ರಿ.
ಚೌಕಟ್ಟು ಬೆಳಗಾವಿ ಗುಜರಿದು,
ಮುಂದಿನ ಶಾಕು ಕೊಲ್ಹಾಪುರದ ಯಾವನೋ ಹುಡುಗ ಬಿದ್ದು
ಅವರವ್ವ ಅಂಜಿ ಮಾರಿದ್ದು,
ಸೀಟಿಗೆ ಹಳೇ ಇಳಕಲ್ಲ ಸೀರಿ ಸೆರಗು.
ಕಲಿತದ್ದು ಮಾತ್ರ ಅಪ್ಪನ ಗಂಡುಸೈಕಲ್ಲಿನ ಮ್ಯಾಲೆ,
ದಂಡಿ ಕೆಳಗ ಕಾಲು ತೂರಿಸಿ, ಕತ್ತರಿ ಹೊಡದು,
ಅರ್ಧ ಪೆಡಲಿನ್ಯಾಗ ಇಡೀ ಗೋಕಾಕ.

ಯೋಗಿಕೊಳ್ಳದ ಬಾಯಿಂದ ಹಾದಿ ಏಳತೈತಿ.
ಕೆಳಗ ಮಾರ್ಕಂಡೇಯ ಹೊಳಿ.
ಮೊದಲ ಮೈಲು ಮಾತಿಲ್ಲ,
ಉಸಿರು ನಮಗಿಂತ ಮುಂದ ಓಡತಿರತೈತಿ.
ಕಾರಿ ಕಂಟಿ, ಕವಳಿ ಕಂಟಿ
ತೋಳಿನ ಮ್ಯಾಲೆ ಬರದು ಕೊಟ್ಟ ಲೆಕ್ಕ
ಜಳಕಕ್ಕ ನಿಂತಾಗ ಉರಕೋತ ಓದಬೇಕು.

ಈ ಹಾದಿ ನಾವು ಮಾಡಿದ್ದಲ್ಲ.
ನಾವು ಮಾಡಿದ್ದು ಬ್ಯಾರೆ ಇತ್ತು:
ಮೂರು ಚಳಿಗಾಲ ಗುದ್ದಲಿ ಹಿಡದು ಕಡದದ್ದು,
ತಿರುವಿಗೆ ಕಲ್ಲು ಕಟ್ಟಿ ಸುಣ್ಣದ ಗುರುತು ಹಾಕಿದ್ದು.
ಒಂದ ಮಳಿಗಾಲ ಅಷ್ಟೂ ಉಂಡು
ಕೈ ತೊಳಕೊಂಡು ಹೋತು.
ಹೋಗಿ ನೋಡಿದರ
ನಮ್ಮ ತಿರುವು ಇದ್ದಲ್ಲಿ ಒಂದು ಕೊರಕಲು,
ಕೊರಕಲಿನೊಳಗ ಒಂದು ಏಡಿ.

ಆವಾಗ ಬಂದಾಕಿ ಲಗಮವ್ವ,
ಮೂವತ್ತು ಆಡು, ಒಂದು ಕೋಲು, ಬಾಯ್ತುಂಬ ಎಲಿ.
ಗುದ್ದಲಿ ನೋಡಿದಳು, ಏಡಿ ನೋಡಿದಳು.
"ನೀರಿಗೆ ಅಡ್ಡ ಹಾದಿ ಹಾಕೀರಿ, ಎಲ್ಲಿ ಉಳೀತೈತಿ?
ಆಡು ಹೋಗೂದು ನೋಡ್ರಿ.
ಅವು ನೀರಿನ ಜೋಡಿ ಜಗಳಾ ತಗಿಯಂಗಿಲ್ಲ."
ಅಂದು ಕೋಲಿನ ತುದಿಯಿಂದ ತೋರಿಸಿದಳು:
ಕರೀಮಣಿ ಹರದು ಉದುರಿಧಂಗ
ಗುಡ್ಡದ ಸೊಂಟದ ಸುತ್ತ ಹಿಕ್ಕಿಯ ಒಂದು ಎಳಿ.

ಭೀಮಶಿ ನಕ್ಕ.
ಮೊಬೈಲಿನ್ಯಾಗ ನಕಾಶಿ ತಗದಾವ ಅವನ.
ಮೂರನೇ ದಿನ ನೋಡಿದರ
ತಲಿ ಬಗ್ಗಿಸಿ ಹಿಕ್ಕಿ ಎಣಸಕೋತ ಎಲ್ಲರಗಿಂತ ಮುಂದಿದ್ದ.

ಇಳಿಜಾರು ಶುರುವಾಗೂದು ದಿಂಡಲ ಗಿಡದ ಹತ್ರ.
ಕುಂಡಿ ಸೀಟಿಗಿಂತ ಹಿಂದ, ಮೊಣಕೈ ಸಡಿಲ,
ಬ್ರೇಕಿನ ಮ್ಯಾಲೆ ಒಂದೊಂದ ಬೆರಳು.
ಹಿಡೀಬಾರದು, ಮುಟ್ಟಬೇಕು,
ನೂಲು ಹರಿಯೂ ಮುಂಚೆ ಬೆರಳಿಗೆ ತಿಳೀತೈತಲ್ಲ, ಹಂಗ.
ಕಲ್ಲು ನೋಡಿದರ ಕಲ್ಲಿಗೇ ಹೋಗತೀವಿ.
ಇಷ್ಟು ಕಲಿಯಾಕ ನನಗ ಒಂದು ಹಲ್ಲು ಖರ್ಚಾತು.

ಗಾಲಿ ಮುಂದ ಬುರ್ಲಿ ಹಿಂಡು ಭುರ್ರಂತ ಎದ್ದಾಗ
ಎದಿಯೂ ಎದ್ದು ಅದರ ಜೋಡಿ ಹಾರಿ
ಎರಡು ತಿರುವು ದಾಟಿದ ಮ್ಯಾಲೆ ನನಗ ಬಂದು ಸೇರಿತು.
ಎಡಕ್ಕ, ಭಾಳ ಕೆಳಗ,
ಹಾಲು ಹಾಕದ ಚಹಾದಂಥಾ ಹೊಳಿ.
ಯಾವ ತಿರುವಿನ್ಯಾಗೋ
ಕಿವಿಯೊಳಗಿನ ಕದಿರು ನಿಂತಿದ್ದವು.
ನಿಂತದ್ದು ತಿಳಿದದ್ದೂ ತಡಾಗಿ,
ದಂಡಿಗೆ ಕುಂತು ಚೈನಿನ ರಾಡಿ ತೊಳಿಯೂ ಮುಂದ.

ಆಮ್ಯಾಲೆ ಒಂದಿನ ಲಗಮವ್ವ ನನ್ನ ಹ್ಯಾಂಡಲ್ಲು ಹಿಡದು ನಿಲ್ಲಿಸಿ
"ಇದಕ್ಕ ಗಂಟಿ ಇಲ್ಲೇನ?
ನನ್ನ ಆಡಿಗೆ ನೀ ಬಂದದ್ದು ಹೆಂಗ ಗೊತ್ತಾಗಬೇಕು?" ಅಂದಳು.
ಮಾರನೇ ವಾರ ಸೊಂಟದ ಚೀಲದಿಂದ ತಗದು
ತಾನ ಬಿಗಿಯಾಗಿ ಕಟ್ಟಿದಳು,
ಸತ್ತ ಹೋತಿನ ಕೊರಳಂದು, ಒಂದು ಕಡೆ ಚಪ್ಪಟಿ.

ಈಗ ನಾ ಇಳಿದರ ಗುಡ್ಡಕ್ಕೆಲ್ಲ ಸುದ್ದಿ.
ದೊಡ್ಡ ಆಡು ಕಿವಿ ನಿಮಿರಿಸಿ ಬದಿಗೆ ಸರೀತಾವ.
ಮೊನ್ನೆ ಹೊಳಿ ಮುಟ್ಟಿ ಹೊಳ್ಳಿ ನೋಡಿದರ
ಎಂಟು ದಿನದ ಮರಿಯೊಂದು, ಕೆಂದನ್ನದು,
ಸದ್ದಿನ ಬೆನ್ನು ಹತ್ತಿ
ಅದ ಲೈನು ಹಿಡದು, ಬ್ರೇಕಿಲ್ಲದ, ಬರಾಕತ್ತಿತ್ತು.

ಹೆಗಲಿಗೆ ಹಾಕ್ಕೊಂಡೆ.
ದಸ್ತಗೀರನ ಕೈಗೆ ಸೈಕಲ್ಲು ಕೊಟ್ಟು
ನಡಕೋತ ಮ್ಯಾಲೆ ಹತ್ತಿದೆ.